ವಸಡಿಗೆ ಕತ್ತಿ ಹಿಡಿಯುವ ಮುನ್ನ

ಮೂರ್ಛೆರೋಗಕ್ಕೆ ಫೆನಿಟಾಯಿನ್ ಔಷಧಿ ಬಳಕೆಗೆ ಬಂದದ್ದು 1938ರಲ್ಲಿ. ಅದನ್ನು ಸೇವಿಸುತ್ತಿದ್ದವರ ವಸಡು ಅತಿಯಾಗಿ ಬೆಳೆಯುತ್ತಿದೆ ಎಂಬ ವರದಿ ಮರುವರ್ಷವೇ ಪ್ರಕಟವಾಯಿತು. ಮೊದಲು ಮುಂಬದಿಯ ಹಲ್ಲುಗಳ ಸಂದಿಯಲ್ಲಿರುವ ವಸಡಿನ ತುದಿ ಮಣಿಯಂತೆ ಉಬ್ಬುತ್ತದೆ. ತಿಂಗಳುಗಳು ಕಳೆದಂತೆ ಈ ಉಬ್ಬುಗಳು ಒಂದಕ್ಕೊಂದು ಕೂಡಿಕೊಂಡು ಹಲ್ಲಿನ ಅರ್ಧಭಾಗವನ್ನು, ಕೆಲವರಲ್ಲಿ ಕಚ್ಚುವ ಅಂಚಿನವರೆಗೂ ಹಲ್ಲನ್ನು ಮುಚ್ಚಿಬಿಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಮತ್ತು ಅಮ್ಲೋಡಿಪಿನ್, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೂಡ ಕೆಲವರಲ್ಲಿ ಇದನ್ನೇ ಮಾಡುತ್ತವೆ. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಬಹಳ ಮಂದಿ ತಡವಾಗಿ ಬರುತ್ತಾರೆ. ಬರುವ ಹೊತ್ತಿಗೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಅವರಿಗೆ ಅಭ್ಯಾಸವಾಗಿಹೋಗಿರುತ್ತದೆ. ವಸಡಿನ ಕಾರಣಕ್ಕೆ ತಾವಾಗಿಯೇ ಮಾತ್ರೆ ನಿಲ್ಲಿಸುವವರೂ ಉಂಟು. ಮೂರ್ಛೆರೋಗಿಗಳ ವಿಷಯದಲ್ಲಿ ಅದು ಜೀವಕ್ಕೇ ಅಪಾಯ.

ಹೀಗೆ ಹೆಚ್ಚಾಗಿ ಬೆಳೆದ ವಸಡನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆಗೆ ಜಿಂಜಿವೆಕ್ಟಮಿ ಎಂದೂ, ಉಳಿದ ವಸಡನ್ನು ತಿದ್ದಿ ಅದರ ಸಹಜ ಆಕಾರಕ್ಕೆ ತರುವುದಕ್ಕೆ ಜಿಂಜಿವೋಪ್ಲಾಸ್ಟಿ ಎಂದೂ ಹೆಸರು. ಸಾಮಾನ್ಯವಾಗಿ ಎರಡನ್ನೂ ಒಂದೇ ಸಲಕ್ಕೆ, ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ. ಚಿಕ್ಕ ಶಸ್ತ್ರಕ್ರಿಯೆಯೆಂಬುದು ನಿಜ. ಆದರೆ ಅದರ ಯಶಸ್ಸು ನಿಂತಿರುವುದು ಕತ್ತಿಗಿಂತ ಹೆಚ್ಚಾಗಿ ಅಳತೆಯ ಮೇಲೆ.

ವೈದ್ಯರು ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಮಿಲಿಮೀಟರ್ ಗುರುತುಗಳಿರುವ, ಮೊಂಡು ತುದಿಯ ಸಣ್ಣ ಕಡ್ಡಿಯೊಂದನ್ನು ಮೆಲ್ಲನೆ ಇಳಿಸುತ್ತಾರೆ. ಆರೋಗ್ಯವಂತ ವಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್ ಇಳಿದು ನಿಲ್ಲುತ್ತದೆ. 6 ಮಿಲಿಮೀಟರ್ ಇಳಿಯಿತೆನ್ನಿ, ಆಗ ಅರ್ಥ ಎರಡು. ಬಾವಿಯ ತಳ ತೋಡಿದರೂ ಆಳ ಹೆಚ್ಚುತ್ತದೆ, ಕಟ್ಟೆಯನ್ನು ಎತ್ತರಿಸಿದರೂ ಹೆಚ್ಚುತ್ತದೆ. ಹಲ್ಲನ್ನು ಹಿಡಿದಿರುವ ಮೂಳೆ ಕರಗಿ ವಸಡಿನ ಹಿಡಿತ ಕೆಳಕ್ಕೆ ಜಾರಿದ್ದರೆ ಅದು ತಳ ಕುಸಿದ ಬಾವಿ. ಹಿಡಿತ ಇದ್ದಲ್ಲೇ ಇದ್ದು ವಸಡು ಮಾತ್ರ ಮೇಲೆದ್ದಿದ್ದರೆ ಅದು ಕಟ್ಟೆ ಎತ್ತರಿಸಿದ ಬಾವಿ. ಜಿಂಜಿವೆಕ್ಟಮಿ ಹೊಂದುವುದು ಮುಖ್ಯವಾಗಿ ಎರಡನೆಯದಕ್ಕೆ. ಮೂಳೆಯೊಳಗೆ ಗುಂಡಿ ಬಿದ್ದಿರುವಲ್ಲಿ ವಸಡಿನ ಅಂಚನ್ನು ಕತ್ತರಿಸಿ ಪ್ರಯೋಜನವಿಲ್ಲ. ಅಲ್ಲಿ ವಸಡನ್ನು ಬಿಡಿಸಿ ಒಳಗಿನ ಮೂಳೆಯನ್ನೇ ನೋಡಬೇಕಾಗುತ್ತದೆ. ಆದ್ದರಿಂದಲೇ ಎಕ್ಸ್-ರೇ ಬೇಕು.

ಎಷ್ಟು ಕತ್ತರಿಸಬಹುದು ಎಂಬುದಕ್ಕೂ ಮಿತಿಯುಂಟು. ಹಲ್ಲಿನ ಸುತ್ತ ಮೂಳೆಗೆ ಬಿಗಿಯಾಗಿ ಅಂಟಿಕೊಂಡ ಗಟ್ಟಿ ವಸಡು ಇರುತ್ತದೆ. ಒಣಗಿಸಿ ಬೆಳಕಿನಲ್ಲಿ ನೋಡಿದರೆ ಕಿತ್ತಳೆ ಸಿಪ್ಪೆಯ ಮೇಲಿರುವಂಥ ಸಣ್ಣ ಸಣ್ಣ ತಗ್ಗುಗಳು ಅದರಲ್ಲಿ ಕಾಣುತ್ತವೆ. ಅಗಿಯುವಾಗಿನ ಉಜ್ಜಾಟವನ್ನು ತಡೆದುಕೊಳ್ಳುವುದು ಅದೇ, ಹಾಗಾಗಿ ಅದು ಸಾಕಷ್ಟು ಉಳಿಯಲೇಬೇಕು. ಇನ್ನೊಂದು ಮಿತಿ ಕಣ್ಣಿಗೆ ಕಾಣದ್ದು. ಸಂದಿಯ ತಳಕ್ಕೂ ಮೂಳೆಯ ಅಂಚಿಗೂ ನಡುವೆ ವಸಡು ಹಲ್ಲಿಗೆ ಅಂಟಿಕೊಂಡಿರುವ ಪಟ್ಟಿ ಸರಾಸರಿ 2.04 ಮಿಲಿಮೀಟರ್ ಅಗಲವಿರುತ್ತದೆ ಎಂದು 1961ರ ಪ್ರಸಿದ್ಧ ಅಧ್ಯಯನವೊಂದು ಅಳೆದು ತೋರಿಸಿತು. ನಗುವಾಗ ವಸಡು ಹೆಚ್ಚು ಕಾಣುತ್ತದೆಂದು ಕೇವಲ ಅಂದಕ್ಕಾಗಿ ಬಂದವರಲ್ಲಿಯೂ ಈ ಪಟ್ಟಿಯನ್ನು ಅತಿಕ್ರಮಿಸುವಂತಿಲ್ಲ. ಅತಿಕ್ರಮಿಸಿದರೆ ವಸಡು ಸದಾ ಕೆಂಪಾಗಿ ಊದಿಕೊಂಡಿರುತ್ತದೆ, ಇಲ್ಲವೇ ಮತ್ತೆ ಬೆಳೆದು ಹಳೆಯ ಜಾಗಕ್ಕೇ ಬರುತ್ತದೆ.

ಅಳತೆ ಮುಗಿದೊಡನೆ ಕತ್ತಿ ಹಿಡಿಯುವುದಿಲ್ಲ. ಮೊದಲು ಹಲ್ಲಿಗೆ ಕಟ್ಟಿದ ಗಾರೆಯನ್ನು ತೆಗೆದು, ಹಲ್ಲುಜ್ಜುವ ಕ್ರಮವನ್ನು ತಿದ್ದಿ, ನಾಲ್ಕಾರು ವಾರ ಕಾಯುತ್ತಾರೆ. ಔಷಧಿ ವಸಡನ್ನು ಬೆಳೆಸುತ್ತದೆ ನಿಜ, ಆದರೆ ಹಲ್ಲಿನ ಮೇಲೆ ಕೂತ ಪಾಚಿಯಿಂದಾಗುವ ಉರಿಯೂತ ಆ ಬೆಳವಣಿಗೆಯನ್ನು ಇಮ್ಮಡಿಸುತ್ತದೆ. ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ವಸಡಿನಿಂದ ರಕ್ತ ಬಂದರೆ ಉಜ್ಜುವುದನ್ನೇ ಬಿಡುವವರಿದ್ದಾರೆ. ಇವೆರಡೂ ರೋಗವನ್ನು ಬೆಳೆಸುವ ತಪ್ಪು ತಿಳಿವಳಿಕೆಗಳು. ಕಾದ ಮೇಲೆ ಕೆಲವರಲ್ಲಿ ಊತ ಎಷ್ಟು ಇಳಿದಿರುತ್ತದೆಂದರೆ ಶಸ್ತ್ರಕ್ರಿಯೆಯೇ ಬೇಕಾಗುವುದಿಲ್ಲ.

ಬೇಕಾದಾಗ ಮರಗಟ್ಟಿಸಲು ಲಿಗ್ನೋಕೇನ್ ಚುಚ್ಚುಮದ್ದು ಕೊಡುತ್ತಾರೆ. ರಕ್ತಸ್ರಾವ ಕಡಿಮೆಯಾಗಲೆಂದು ಅದರಲ್ಲಿ ಅತ್ಯಲ್ಪ ಪ್ರಮಾಣದ ಅಡ್ರಿನಲಿನ್ ಬೆರೆತಿರುತ್ತದೆ. ಸಂದಿಯ ತಳ ಎಲ್ಲಿದೆಯೋ ಅದಕ್ಕೆ ಸರಿಯಾಗಿ ವಸಡಿನ ಹೊರಮೈಯಲ್ಲಿ ಸೂಜಿಮೊನೆಯಷ್ಟು ಗಾಯ ಮಾಡುತ್ತಾರೆ. ಒಂದೊಂದು ಹಲ್ಲಿಗೂ ಇಂಥ ಮೂರು ಕೆಂಪು ಚುಕ್ಕಿಗಳು ಮೂಡಿ, ರಂಗೋಲಿಗೆ ಇಟ್ಟ ಚುಕ್ಕಿಗಳಂತೆ ಮುಂದಿನ ಗೆರೆಗೆ ದಾರಿ ತೋರುತ್ತವೆ. ಆ ಚುಕ್ಕಿಗಳಿಗಿಂತ ತುಸು ಬೇರಿನ ಕಡೆಗೆ ಕತ್ತಿಯನ್ನಿಟ್ಟು, ಅಲಗು ಹಲ್ಲಿಗೆ 45 ಡಿಗ್ರಿ ಓರೆಯಾಗಿರುವಂತೆ ಕೊಯ್ಯುತ್ತಾರೆ. ನನಗೆ ಈ ಶಸ್ತ್ರಕ್ರಿಯೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಈ ಓರೆಯೇ. ನೇರವಾಗಿ ಕೊಯ್ದರೆ ವಸಡು ಜಗಲಿಯಂತೆ ದಪ್ಪಗೆ ಉಳಿದು, ಉಂಡ ಅನ್ನ ಅಲ್ಲೇ ಕೂರುತ್ತದೆ. ಓರೆಯಾಗಿ ಕೊಯ್ದರೆ ಅಂಚು ತೆಳುವಾಗಿ, ಹಂಚಿನ ಮಾಡಿನಂತೆ ಇಳಿಜಾರಾಗಿ, ತುತ್ತು ಜಾರಿಹೋಗುತ್ತದೆ. ಬಳಿಕ ಹಲ್ಲುಗಳ ಸಂದಿಯಲ್ಲಿರುವ ವಸಡಿನ ತುದಿಗಳನ್ನು ಮೊನಚುಗೊಳಿಸಿ, ಹಲ್ಲುಹಲ್ಲಿನ ನಡುವೆ ನಸುತಗ್ಗು ತಿದ್ದುತ್ತಾರೆ. ಲೇಸರ್ ಬಳಸಿದರೆ ರಕ್ತ ಕಡಿಮೆ. ವಿದ್ಯುತ್ತಿನಿಂದ ಕತ್ತರಿಸುವ ಉಪಕರಣವೂ ಇದೆ, ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ಹೇಳಬೇಕು.

ಇಲ್ಲಿ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ತೆರೆದ ಗಾಯದ ಮೇಲೆ ಜಿಂಕ್ ಆಕ್ಸೈಡ್ ಇರುವ ಮೆತ್ತನೆಯ ಲೇಪವನ್ನು ಒತ್ತಿ ಒಂದು ವಾರ ಬಿಡುತ್ತಾರೆ. ಮೊದಲ ದಿನದಲ್ಲೇ ಅಂಚಿನ ಜೀವಕೋಶಗಳು ಗಾಯದ ಮೇಲೆ ಹರಿಯತೊಡಗುತ್ತವೆ. 5ರಿಂದ 14 ದಿನಗಳಲ್ಲಿ ಮೇಲ್ಪದರ ಮುಚ್ಚಿಕೊಳ್ಳುತ್ತದೆ, ಒಳಗಿನ ನಾರಿನ ಅಂಗಾಂಶ ಬಲಗೊಳ್ಳಲು ಸುಮಾರು ಏಳು ವಾರ ಬೇಕು. ಆ ಭಾಗಕ್ಕೆ ಬ್ರಷ್ ತಾಗಿಸದೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವ ದಿನಗಳಲ್ಲಿ ಹಲ್ಲಿನ ಮೇಲೆ ಕಂದು ಬಣ್ಣ ಕೂರಬಹುದು. ಅದನ್ನು ಪಾಲಿಶ್ ಮಾಡಿ ತೆಗೆಯಬಹುದಾದ್ದರಿಂದ ಗಾಬರಿ ಬೇಡ. ಫೆನಿಟಾಯಿನ್ ಮುಂದುವರಿಯುವವರಲ್ಲಿ ವಸಡು ಮತ್ತೆ ಬೆಳೆಯುವ ಸಂಭವ ಇದ್ದೇ ಇದೆ. ಬದಲಿ ಔಷಧಿ ಸಾಧ್ಯವೇ ಎಂದು ದಂತವೈದ್ಯರು ನರರೋಗ ವೈದ್ಯರಿಗೆ ಚೀಟಿ ಬರೆದು ಕೇಳುತ್ತಾರೆ, ನಿರ್ಧಾರ ಅವರದ್ದು. ಮಾತ್ರೆ ಬದಲಾಗಲಿ, ಆಗದಿರಲಿ, ಕೆಲವು ತಿಂಗಳಿಗೊಮ್ಮೆ ರೋಗಿ ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕು, ಅದೇ ಮೊಂಡು ಕಡ್ಡಿ ಅದೇ ಸಂದಿಗಳಲ್ಲಿ ಇಳಿಯಬೇಕು, ಅಳತೆಗಳು ಹಿಂದಿನ ಸಲದ ಪಕ್ಕದಲ್ಲಿ ಬರೆಯಲ್ಪಡಬೇಕು.