ಮನೆ ಯಾರಿಗೆ ಎನ್ನುವ ಮೊದಲು ಕಂತು ಯಾರದ್ದು ಎಂದು ಕೇಳಿಕೊಳ್ಳಿ

ತಂದೆ ತಾಯಿ ಬೇರೆಯಾದಾಗ ಎಲ್ಲ ಖರ್ಚುಗಳೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಮಕ್ಕಳ ಊಟ, ಬಟ್ಟೆ, ಶಾಲಾ ಶುಲ್ಕ ಹೆಚ್ಚುಕಡಿಮೆ ಹಿಂದಿನಷ್ಟೇ ಇರುತ್ತವೆ. ಹೆಚ್ಚುಕಡಿಮೆ ದುಪ್ಪಟ್ಟಾಗುವುದು ವಾಸದ ಖರ್ಚು. ಎರಡು ಬಾಡಿಗೆ ಅಥವಾ ಒಂದು ಮನೆಸಾಲದ ಕಂತು ಮತ್ತು ಒಂದು ಬಾಡಿಗೆ, ಎರಡು ವಿದ್ಯುತ್ ಬಿಲ್ಲು, ಎರಡೂ ಕಡೆ ಮಗುವಿಗೊಂದು ಮಂಚ, ಓದುವ ಮೇಜು. ಅದೇ ಆದಾಯ ಈಗ ಎರಡು ಮನೆಗಳನ್ನು ನಡೆಸಬೇಕಾಗಿರುವುದರಿಂದ ಇಬ್ಬರ ಜೀವನಮಟ್ಟವೂ ಸಾಮಾನ್ಯವಾಗಿ ಒಂದಿಷ್ಟು ಇಳಿಯುತ್ತದೆ. ಈ ಲೆಕ್ಕವನ್ನು ಒಪ್ಪಿಕೊಳ್ಳದೆ ಮಾಡಿಕೊಂಡ ಒಪ್ಪಂದಗಳು ಬಹುಬೇಗ ಬಿರುಕು ಬಿಡುವುದನ್ನು ಹಣಕಾಸು ಸಲಹೆಗಾರಳಾಗಿ ನಾನು ನೋಡುತ್ತಲೇ ಬಂದಿದ್ದೇನೆ.

ಆದರೂ ಬಂದವರು ಮೊದಲು ಕೇಳುವುದು ಮನೆ ಯಾರಿಗೆ ಉಳಿಯುತ್ತದೆ ಎಂದು. ನಾನು ಆ ಪ್ರಶ್ನೆಯನ್ನು ಬದಿಗಿಟ್ಟು, ಇಬ್ಬರಿಗೂ ಬೇರೆಬೇರೆಯಾಗಿ ತಿಂಗಳ ಲೆಕ್ಕ ಬರೆಯಲು ಹೇಳುತ್ತೇನೆ. ಮೊದಲನೆಯದು ತಮ್ಮ ಸ್ವಂತ ಆದಾಯವನ್ನು ಮಾತ್ರ ಹಿಡಿದು, ಎರಡನೆಯದು ಕೊಡಬೇಕಾದ ಅಥವಾ ಬರಬೇಕಾದ ಜೀವನಾಂಶವನ್ನು ಸೇರಿಸಿ, ಮೂರನೆಯದು ಆ ಹಣ ಮೂರು ತಿಂಗಳು ತಡವಾದರೆ ಏನಾಗುತ್ತದೆ ಎಂದು. ಮೂರನೆಯ ಲೆಕ್ಕದಲ್ಲಿ ಕಂತು ತಪ್ಪುವಂತಿದ್ದರೆ, ಆ ಮನೆಯನ್ನು ಉಳಿಸಿಕೊಳ್ಳುವ ಹಟ ಎಷ್ಟೇ ಸಹಜವಾದರೂ ನಾನು ಅದಕ್ಕೆ ಬೆಂಬಲ ಕೊಡುವುದಿಲ್ಲ.

ಸಾಲವಿರುವ ಮನೆಯ ವಿಷಯದಲ್ಲಿ ಜನ ತಪ್ಪಾಗಿ ತಿಳಿದುಕೊಂಡಿರುವುದು ಒಂದಿದೆ. ವಿಚ್ಛೇದನದ ಒಪ್ಪಂದ ಗಂಡ ಹೆಂಡಿರ ನಡುವಿನದು. ಸಾಲ ಕೊಟ್ಟ ಬ್ಯಾಂಕು ಅದಕ್ಕೆ ಸಹಿ ಹಾಕಿರುವುದಿಲ್ಲ. ಇನ್ನು ಮುಂದೆ ಕಂತು ಇವರೇ ಕಟ್ಟತಕ್ಕದ್ದು ಎಂದು ಒಪ್ಪಂದದಲ್ಲಿ ಬರೆದಿದ್ದರೂ, ಇಬ್ಬರೂ ಸೇರಿ ತೆಗೆದ ಸಾಲದಲ್ಲಿ ಒಬ್ಬರು ಕಟ್ಟದೇ ಹೋದರೆ ಬ್ಯಾಂಕು ಇನ್ನೊಬ್ಬರಿಂದ ಪೂರ್ತಿ ಬಾಕಿಯನ್ನು ಕೇಳಬಹುದು. ಹಕ್ಕು ಬಿಟ್ಟುಕೊಟ್ಟು ಮನೆಯಿಂದ ಹೊರನಡೆದವರು ಸಾಲಪತ್ರದಲ್ಲಿ ಹಾಗೇ ಉಳಿದರೆ, ಅವರ ಪಾಲಿಗೆ ಮನೆ ಹೋಗಿ ಋಣ ಮಾತ್ರ ಉಳಿದಂತಾಗುತ್ತದೆ. ಮುಂದೆ ಸ್ವಂತಕ್ಕೆ ಸಾಲ ಕೇಳಲು ಹೋದಾಗ ಆ ಹಳೆಯ ಕಂತು ಅವರ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಆಸ್ತಿಯ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡುವುದೂ, ಸಾಲದ ಹೊಣೆಯಿಂದ ಬಿಡುಗಡೆಯಾಗಿದೆ ಎಂದು ಬ್ಯಾಂಕಿನಿಂದ ಲಿಖಿತವಾಗಿ ಪಡೆಯುವುದೂ ಜೊತೆಜೊತೆಯಾಗಿ ಆಗಬೇಕು.

ಒಬ್ಬರು ಇನ್ನೊಬ್ಬರ ಪಾಲನ್ನು ಕೊಂಡುಕೊಳ್ಳುವ ಲೆಕ್ಕವನ್ನೂ ಅಂಕಿಗಳಲ್ಲೇ ನೋಡೋಣ. ಮನೆಯ ಬೆಲೆ 100, ಬಾಕಿ ಸಾಲ 60 ಎಂದಿಟ್ಟುಕೊಂಡರೆ ಉಳಿಯುವ ಮೌಲ್ಯ 40, ಸಮಪಾಲಾದರೆ ತಲಾ 20. ಮನೆಯಲ್ಲೇ ಉಳಿಯುವವರ ಬಳಿ ಬೇರೆ ಉಳಿತಾಯವಿಲ್ಲದಿದ್ದರೆ ಅವರು 60ರ ಸಾಲವನ್ನು ಹೊತ್ತು, ಇನ್ನೊಬ್ಬರಿಗೆ ಕೊಡಬೇಕಾದ 20ನ್ನೂ ಸಾಲವಾಗಿ ತರಬೇಕು. ಅಂದರೆ ಇಬ್ಬರ ಸಂಬಳದ ಮೇಲೆ ನಿಂತಿದ್ದ 60ರ ಸಾಲ ಈಗ ಒಬ್ಬರ ಸಂಬಳದ ಮೇಲೆ 80 ಆಗುತ್ತದೆ. ಬಡ್ಡಿದರವೂ ಅವಧಿಯೂ ಅವೇ ಆಗಿದ್ದರೂ ಕಂತು ಮೂರನೇ ಒಂದು ಭಾಗದಷ್ಟು ಏರುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ನಿವೃತ್ತಿಗೆಂದು ಕೂಡಿಟ್ಟ ಹಣದಲ್ಲಿನ ತಮ್ಮ ಪಾಲನ್ನು ಬಿಟ್ಟುಕೊಟ್ಟು ಮನೆಯನ್ನು ಪಡೆಯುತ್ತಾರೆ. ಕಾಗದದ ಮೇಲೆ ಅದು ಸರಿಸಮಾನವಾಗಿ ಕಾಣಬಹುದು, ಆದರೆ ಇಟ್ಟಿಗೆ ಗಾರೆಯಿಂದ ತಿಂಗಳ ಬಿಲ್ಲು ಕಟ್ಟಲಾಗುವುದಿಲ್ಲ.

ಮಾರಾಟವನ್ನು ಮುಂದೂಡುವುದು ಇನ್ನೊಂದು ದಾರಿ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಮೆಶರ್ ಆದೇಶ ಎಂದು ಕರೆಯಲಾಗುವ ಕ್ರಮದಲ್ಲಿ, ಕಿರಿಯ ಮಗು ನಿಗದಿತ ವಯಸ್ಸಿಗೆ ಬರುವವರೆಗೆ ಅಥವಾ ಓದು ಮುಗಿಸುವವರೆಗೆ ಮಕ್ಕಳೊಂದಿಗೆ ಇರುವ ಪೋಷಕರು ಮನೆಯಲ್ಲಿ ಉಳಿಯಬಹುದು, ಆಮೇಲೆ ಮನೆ ಮಾರಿ ಹಣ ಹಂಚಿಕೊಳ್ಳಲಾಗುತ್ತದೆ. ಮಕ್ಕಳ ಶಾಲೆ ಬದಲಾಗದಿರುವುದು ಇದರ ದೊಡ್ಡ ಅನುಕೂಲ. ಆದರೆ ಸೋರುವ ಛಾವಣಿಯನ್ನು ಯಾರು ರಿಪೇರಿ ಮಾಡಿಸಬೇಕು, ವಿಮೆ ಯಾರು ಕಟ್ಟಬೇಕು, ಈ ಅವಧಿಯಲ್ಲಿ ತೀರಿದ ಅಸಲು ಯಾರ ಖಾತೆಗೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ, ಮುಗಿಯಿತೆಂದುಕೊಂಡ ಜಗಳ ವರ್ಷಗಟ್ಟಲೆ ಎಳೆಯುತ್ತದೆ. ಮಕ್ಕಳು ಒಂದೇ ಮನೆಯಲ್ಲಿದ್ದು ತಂದೆ ತಾಯಿಯೇ ಸರದಿಯ ಮೇಲೆ ಬಂದುಹೋಗುವ ಏರ್ಪಾಡನ್ನೂ ಕೆಲವರು ಕೇಳುತ್ತಾರೆ. ಅದಕ್ಕೆ ಎರಡಲ್ಲ, ಕೆಲವೊಮ್ಮೆ ಮೂರು ಮನೆಗಳ ಖರ್ಚು ಬೀಳುವುದರಿಂದ, ಕೆಲವು ತಿಂಗಳ ತಾತ್ಕಾಲಿಕ ವ್ಯವಸ್ಥೆಯಾಗಿ ಮಾತ್ರ ನಾನು ಅದನ್ನು ಒಪ್ಪುತ್ತೇನೆ.

ಇನ್ನು ಹಣಕಾಸಿನ ನೆರವು. ಸಂಗಾತಿಗೆ ಕೊಡುವ ಜೀವನಾಂಶ ಮತ್ತು ಮಕ್ಕಳ ಪಾಲನೆಯ ಹಣ ಇವೆರಡನ್ನೂ ಒಂದೇ ಮೊತ್ತವಾಗಿ ಬರೆಯದಿರುವುದು ಒಳ್ಳೆಯದು, ಏಕೆಂದರೆ ಇವು ನಿಲ್ಲುವ ಕಾಲ ಬೇರೆ, ಬದಲಾಗುವ ಕಾರಣಗಳು ಬೇರೆ, ಅನೇಕ ದೇಶಗಳಲ್ಲಿ ತೆರಿಗೆಯ ನಿಯಮವೂ ಬೇರೆ. ಮಕ್ಕಳ ಹಣವನ್ನು ನಿರ್ಧರಿಸಲು ಅಮೆರಿಕದ ಬಹುಪಾಲು ರಾಜ್ಯಗಳು ಬಳಸುವ ಕ್ರಮ ನನಗೆ ನ್ಯಾಯವಾಗಿ ಕಾಣುತ್ತದೆ: ಇಬ್ಬರ ಆದಾಯವನ್ನೂ ಕೂಡಿಸಿ, ಆ ಆದಾಯದ ಕುಟುಂಬದಲ್ಲಿ ಮಗುವಿಗೆ ತಗಲುವ ವೆಚ್ಚವನ್ನು ಅಂದಾಜಿಸಿ, ಆದಾಯದ ಅನುಪಾತದಲ್ಲೇ ಹಂಚುವುದು. ಆದಾಯ 60ಕ್ಕೆ 40 ಇದ್ದು ಮಗುವಿನ ವೆಚ್ಚ 30 ಆದರೆ, ಒಬ್ಬರ ಪಾಲು 18, ಇನ್ನೊಬ್ಬರದು 12. ಇದಕ್ಕೆ ಇಬ್ಬರೂ ಆದಾಯ ಮತ್ತು ಸಾಲಗಳನ್ನು ಮುಚ್ಚುಮರೆಯಿಲ್ಲದೆ ತೋರಿಸಬೇಕು. ಭಾರತದ ಸುಪ್ರೀಂ ಕೋರ್ಟ್ 2020ರಲ್ಲಿ ಜೀವನಾಂಶದ ಪ್ರಕರಣಗಳಲ್ಲಿ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು (ಅಫಿಡವಿಟ್) ಇಬ್ಬರೂ ಸಲ್ಲಿಸಲೇಬೇಕೆಂದು ಹೇಳಿದ್ದೂ ಈ ಕಾರಣಕ್ಕೇ.

ಮನೆಯ ಕಂತು ಮತ್ತು ಜೀವನಾಂಶ ಒಂದಕ್ಕೊಂದು ತೊಡರಿಕೊಳ್ಳುವುದು ಹೆಚ್ಚಾಗಿ ಪ್ರಕರಣ ಇತ್ಯರ್ಥವಾಗುವ ಮುಂಚಿನ ತಿಂಗಳುಗಳಲ್ಲಿ. ಹೊರಗೆ ಹೋದವರು ಹಳೆಯ ಮನೆಯ ಕಂತನ್ನು ನೇರವಾಗಿ ಬ್ಯಾಂಕಿಗೆ ಕಟ್ಟುತ್ತಾ ಅದೇ ಜೀವನಾಂಶವೆಂದು ತಿಳಿಯುತ್ತಾರೆ. ಒಳಗಿರುವವರು ಅದು ಅವರ ಆಸ್ತಿಗೆ ಅವರೇ ಹಾಕುವ ಹಣ, ನನ್ನ ಕೈಗೆ ಬಂದಿದ್ದೇನು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಕಂತಿನಲ್ಲಿ ಅಸಲಿನ ಭಾಗವೆಷ್ಟು, ಬಡ್ಡಿಯೆಷ್ಟು ಎಂದು ಬೇರ್ಪಡಿಸಿ, ಬಡ್ಡಿಯನ್ನು ವಾಸದ ನೆರವೆಂದೂ ಅಸಲನ್ನು ಆಸ್ತಿ ಹಂಚಿಕೆಯಲ್ಲಿ ಸರಿಹೊಂದಿಸುವ ಮೊತ್ತವೆಂದೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಎಷ್ಟೋ ವಾದಗಳು ಹುಟ್ಟುವುದೇ ಇಲ್ಲ. ಹಣವನ್ನು ಕೈಗೆ ನಗದಾಗಿ ಕೊಡದೆ ಬ್ಯಾಂಕ್ ಖಾತೆಯ ಮೂಲಕವೇ ಕಳುಹಿಸಿ.

ಮನೆಯ ಕಂತು ಜೀವನಾಂಶವನ್ನೇ ನೆಚ್ಚಿಕೊಂಡಿದ್ದರೆ, ಕೊಡುವವರ ಹೆಸರಿನಲ್ಲಿ ಸಾಲ ತೀರುವವರೆಗಿನ ಅವಧಿ ಜೀವವಿಮೆಯೊಂದು ಇರಲಿ, ಅದರ ಹಣ ಮಕ್ಕಳೊಂದಿಗೆ ಇರುವವರಿಗೆ ಸೇರುವಂತಿರಲಿ, ವಿಮೆಯ ಕಂತು ಕಟ್ಟಿದ ರಸೀದಿಯನ್ನು ಪ್ರತಿ ವರ್ಷ ತೋರಿಸಬೇಕೆಂದೂ ಒಪ್ಪಂದದಲ್ಲಿ ಬರೆಸಿ. ಬೆಲೆ ಏರಿಕೆಗೆ ತಕ್ಕಂತೆ ಜೀವನಾಂಶದ ಮೊತ್ತ ಏರುವ ಷರತ್ತನ್ನೂ, ಕೆಲಸ ಹೋದರೆ ಎಷ್ಟು ದಿನಗಳೊಳಗೆ ಇನ್ನೊಬ್ಬರಿಗೆ ತಿಳಿಸಬೇಕೆಂಬ ಷರತ್ತನ್ನೂ ಅದರ ಪಕ್ಕದಲ್ಲೇ ಸೇರಿಸಿಕೊಳ್ಳಬಹುದು.