‘ಅಮ್’ ಅಂದವರಿಗೆ ಇಂಗ್ಲಿಷ್ ಬರುವುದಿಲ್ಲವೇ?

ಮಂಗಳೂರಿನ ಹಂಪನಕಟ್ಟೆಯಿಂದ ಬಲ್ಮಠದ ಕಡೆ ನಡೆದರೂ ಸರಿ, ಉಡುಪಿಯಿಂದ ಮಣಿಪಾಲಕ್ಕೆ ಹೋದರೂ ಸರಿ, ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಬೋರ್ಡು ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಂಥ ಕ್ಲಾಸುಗಳಲ್ಲಿ, ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಒಂದು ಮಾತನ್ನು ಮಕ್ಕಳ ತಲೆಗೆ ತುಂಬುತ್ತಾರೆ: ಮಾತಿನ ನಡುವೆ ‘ಅಮ್’, ‘ಅಹ್’ ಬರಲೇಬಾರದು. ಬಂದರೆ ನಿಮಗೆ ವಿಷಯ ಗೊತ್ತಿಲ್ಲ, ಧೈರ್ಯ ಇಲ್ಲ, ಇಂಗ್ಲಿಷ್ ಇಲ್ಲ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಎಷ್ಟೋ ಮಕ್ಕಳು ಇದನ್ನು ನಂಬಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ. ಹುಟ್ಟಿನಿಂದ ಇಂಗ್ಲಿಷ್ ಆಡುವವರ ಮಾತನ್ನು ರೆಕಾರ್ಡ್ ಮಾಡಿ ಅಳೆದವರು ಹೇಳುವುದೇ ಬೇರೆ.

ಮೊದಲು ಸಮಯದ ಲೆಕ್ಕ ನೋಡಿ. ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಎಷ್ಟು ಹೊತ್ತು ಬೇಕು? ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ 2009ರ ಅಧ್ಯಯನದಲ್ಲಿ ಸಿಕ್ಕ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಸೆಕೆಂಡಿನ ಐದನೇ ಒಂದು ಪಾಲು, ಅಷ್ಟೇ. ಆದರೆ ಒಂದು ಚಿತ್ರ ತೋರಿಸಿ ‘ಇದರ ಹೆಸರು ಹೇಳಿ’ ಅಂದರೆ ಬಾಯಿಂದ ಆ ಒಂದೇ ಪದ ಹೊರಡಲು ಸುಮಾರು 600 ಮಿಲಿಸೆಕೆಂಡ್ ಬೇಕು. ಪೂರ್ತಿ ವಾಕ್ಯಕ್ಕೆ ಇನ್ನೂ ಜಾಸ್ತಿ. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ನಮ್ಮ ಮಿದುಳು ಉತ್ತರದ ತಯಾರಿ ಶುರು ಮಾಡಿರುತ್ತದೆ.

ಈ 600 ಮಿಲಿಸೆಕೆಂಡಿನಲ್ಲಿ ಏನೆಲ್ಲ ಆಗುತ್ತದೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲು, ಹೇಳಬೇಕಾದ್ದು ಏನು ಅನ್ನುವುದು ಗಟ್ಟಿಯಾಗಬೇಕು. ಆಮೇಲೆ ಅದಕ್ಕೆ ಹೊಂದುವ ಪದ ಸಿಗಬೇಕು. ಪದ ಸಿಕ್ಕಿದರೆ ಸಾಲದು, ಅದರ ಧ್ವನಿಗಳು ಸರಿಯಾದ ಸಾಲಿನಲ್ಲಿ ಬರಬೇಕು. ಕೊನೆಗೆ ನಾಲಿಗೆ, ತುಟಿ, ಗಂಟಲಿಗೆ ಅಪ್ಪಣೆ ಹೋಗಬೇಕು. ಎರಡನೇ ಮತ್ತು ಮೂರನೇ ಹಂತದ ನಡುವೆ ಕೆಲಸ ಸಿಕ್ಕಿಬಿದ್ದಾಗಲೇ ನಾವು ‘ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ’ ಅನ್ನುವುದು. ಒಂದಕ್ಕಿಂತ ಜಾಸ್ತಿ ಭಾಷೆ ಬಲ್ಲವರಲ್ಲಿ ಒಂದು ಭಾಷೆ ಆಡುವಾಗ ಉಳಿದವೂ ಒಳಗೆ ಎಚ್ಚರವಾಗಿಯೇ ಇರುತ್ತವೆ. ಮಂಗಳೂರಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ‘ಹೌಸ್’ ಅನ್ನಬೇಕಾದರೆ ಕನ್ನಡದ ಮನೆ, ತುಳುವಿನ ಇಲ್ಲ್, ಕೊಂಕಣಿಯ ಘರ್ ಎಲ್ಲವೂ ಮುಂದೆ ಬರಬಹುದು. ಅವುಗಳನ್ನು ಪಕ್ಕಕ್ಕೆ ಸರಿಸಿ ಬೇಕಾದ್ದನ್ನು ಎತ್ತಿಕೊಳ್ಳಬೇಕು. ಅರ್ಧ ಸೆಕೆಂಡ್ ತಡವಾದರೆ ಅದು ದಡ್ಡತನವಾ?

ತಡವಾಗುತ್ತದೆ ಅಂತ ಗೊತ್ತಾದಾಗ ಸುಮ್ನೆ ಇದ್ದರೆ ಇನ್ನೊಂದು ತೊಂದರೆ. ಉತ್ತರಕ್ಕೆ 200 ಮಿಲಿಸೆಕೆಂಡ್ ಕಾದು ರೂಢಿಯಾದ ಕಿವಿಗೆ ಒಂದು ಸೆಕೆಂಡಿನ ಮೌನವೂ ಉದ್ದವೇ. ಮಾತು ಮುಗಿಯಿತು ಅಂದುಕೊಂಡು ಎದುರಿನವರು ಶುರು ಮಾಡಿಬಿಡುತ್ತಾರೆ. ‘ಅಮ್’ ಅಲ್ಲಿ ಕೆಲಸಕ್ಕೆ ಬರುತ್ತದೆ. ಸಿಟಿ ಬಸ್ಸಿನ ಕಂಡಕ್ಟರ್ ವಿಸಿಲನ್ನು ಗೊತ್ತಿಲ್ಲದವರು ಬರೀ ಗದ್ದಲ ಅನ್ನಬಹುದು. ಡ್ರೈವರಿಗೆ ಗೊತ್ತು, ಒಂದು ಸಲ ಊದಿದರೆ ನಿಲ್ಲಿಸಬೇಕು, ಎರಡು ಸಲ ಊದಿದರೆ ಹೊರಡಬೇಕು. ‘ಅಹ್’ ಮತ್ತು ‘ಅಮ್’ ನಡುವೆಯೂ ಇಂಥದೇ ವ್ಯತ್ಯಾಸ ಇದೆ ಅಂತ 2002ರಲ್ಲಿ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬ ಅಮೆರಿಕದ ಸಂಶೋಧಕರು ವಾದಿಸಿದರು. ಅವರು ನೋಡಿದ ಇಂಗ್ಲಿಷ್ ಮಾತುಕತೆಗಳಲ್ಲಿ ‘ಅಹ್’ ಆದಮೇಲೆ ಚಿಕ್ಕ ತಡ, ‘ಅಮ್’ ಆದಮೇಲೆ ಉದ್ದದ ತಡ. ಹಾಗಾಗಿ ಇವು ಬರೀ ಉಸಿರಿನ ಸದ್ದಲ್ಲ, ಇಂಗ್ಲಿಷಿನ ಪದಗಳೇ ಅಂದರು. ಇದನ್ನು ಒಪ್ಪದವರೂ ಇದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಅವು ಪದಗಳು ಅನ್ನುವುದೇ ನನಗೆ ಸರಿ ಕಾಣುತ್ತದೆ. ಬರೀ ಉಸಿರಾಗಿದ್ದರೆ ಎಲ್ಲ ಭಾಷೆಯಲ್ಲೂ ಒಂದೇ ಥರ ಇರಬೇಕಿತ್ತು ಅಲ್ವಾ? ಇಲ್ಲ. ಸ್ಪ್ಯಾನಿಷಿನವರು ‘ಎಸ್ತೆ’ ಅನ್ನುತ್ತಾರೆ, ಜಪಾನಿನವರು ‘ಅನೋ’ ಅನ್ನುತ್ತಾರೆ, ನಾವು ‘ಅದು... ಎಂತದು...’ ಅನ್ನುತ್ತೇವೆ.

ಕೇಳುವವರಿಗೂ ಇದರಿಂದ ಲಾಭ ಇದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 2011ರಲ್ಲಿ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗ ನನಗೆ ತುಂಬಾ ಇಷ್ಟ. ಪರದೆಯ ಮೇಲೆ ಎರಡು ಚಿತ್ರ. ಒಂದು ಮಗುವಿಗೆ ಗೊತ್ತಿರುವ ವಸ್ತು, ಇನ್ನೊಂದು ಹೆಸರೇ ಕೇಳದ ಹೊಸ ವಸ್ತು. ಚಿತ್ರದ ಹೆಸರು ಹೇಳುವ ದನಿ ‘ಅಹ್’ ಅಂತ ತಡವರಿಸಿದ ಕೂಡಲೇ, ಹೆಸರು ಬರುವ ಮೊದಲೇ, ಎರಡು ವರ್ಷ ದಾಟಿದ ಮಕ್ಕಳ ಕಣ್ಣು ಹೊಸ ವಸ್ತುವಿನ ಕಡೆ ಹೊರಳುತ್ತಿತ್ತು. ದೊಡ್ಡವರು ತಡವರಿಸುವುದು ಕಷ್ಟದ, ಹೊಸ ಪದಕ್ಕೆ ಮೊದಲು ಅನ್ನುವುದನ್ನು ಆ ಮಕ್ಕಳು ಯಾರೂ ಕಲಿಸದೆ ಕಲಿತಿದ್ದವು! ದೊಡ್ಡವರಲ್ಲೂ ಇಂಥದ್ದು ಕಾಣುತ್ತದೆ. ತಡವರಿಕೆ ಆದಮೇಲೆ ಬಂದ ಪದ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ ಅಂತ ಸ್ಕಾಟ್ಲೆಂಡಿನ ಸಂಶೋಧಕರು 2007ರಲ್ಲಿ ತೋರಿಸಿದರು.

‘ಹೆದರಿದವರು ಅಮ್ ಅನ್ನುತ್ತಾರೆ’ ಅನ್ನುವುದೂ ಅಷ್ಟು ಸರಿಯಲ್ಲ. ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ಮಾಲ್ 1950ರ ದಶಕದಲ್ಲಿಯೇ ಇದನ್ನು ನೋಡಿದ್ದರು. ಆತಂಕ ಹೆಚ್ಚಾದಾಗ ಒಂದೇ ಪದವನ್ನು ಮತ್ತೆ ಮತ್ತೆ ಹೇಳುವುದು, ವಾಕ್ಯ ಅರ್ಧಕ್ಕೆ ಬಿಡುವುದು, ತೊದಲುವುದು ಹೆಚ್ಚಾಯಿತು. ‘ಅಹ್’ ಹಾಗೆ ಹೆಚ್ಚಾಗಲಿಲ್ಲ. ಗೊತ್ತಿಲ್ಲದವರು ಅಮ್ ಅನ್ನುತ್ತಾರೆ ಅನ್ನುವುದಕ್ಕೆ ಉತ್ತರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಸಿಕ್ಕಿತು. ಅಲ್ಲಿ ಪಾಠ ಮಾಡುವವರ ‘ಅಮ್’ಗಳನ್ನು ಸ್ಟ್ಯಾನ್ಲಿ ಶ್ಯಾಕ್ಟರ್ ತಂಡ ಎಣಿಸಿತು. ವಿಜ್ಞಾನದ ಪಾಠದಲ್ಲಿ ಕಡಿಮೆ, ಸಾಹಿತ್ಯ, ಕಲೆಯ ಪಾಠದಲ್ಲಿ ಜಾಸ್ತಿ. ಅದೇ ಮೇಷ್ಟ್ರುಗಳನ್ನು ಎಲ್ಲರಿಗೂ ಸಾಮಾನ್ಯವಾದ ಒಂದು ವಿಷಯದ ಬಗ್ಗೆ ಮಾತಾಡಿಸಿದಾಗ ವ್ಯತ್ಯಾಸ ಮಾಯ. ಹಾಗಾದರೆ ಇದು ಮಾತಾಡುವವರ ಜಾಣತನದ ಪ್ರಶ್ನೆ ಅಲ್ಲ. ವಿಜ್ಞಾನದಲ್ಲಿ ಒಂದು ಸಂಗತಿಗೆ ಒಂದೇ ಹೆಸರು ಇರುವುದು ಹೆಚ್ಚು. ಸಾಹಿತ್ಯದಲ್ಲಿ ಹತ್ತು ಥರ ಹೇಳಬಹುದು. ಆಯ್ಕೆ ಜಾಸ್ತಿ ಇದ್ದಲ್ಲಿ ಹುಡುಕಾಟವೂ ಜಾಸ್ತಿ.

ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಹೊಸದಾಗಿ ಕಾಣಬಾರದು. ಅಲ್ಲಿ ಬರೆದಿಟ್ಟ ಸಂಭಾಷಣೆ ಇಲ್ಲ. ಭಾಗವತರ ಹಾಡು ಮುಗಿಯಿತೋ, ಪಾತ್ರದ ಮಾತಾಡುವ ಅರ್ಥಧಾರಿ ಅಲ್ಲಿಯೇ ಮಾತು ಕಟ್ಟಬೇಕು. ಎಂಥ ದೊಡ್ಡ ಅರ್ಥಧಾರಿಯೂ ಎದುರಾಳಿಯ ಪ್ರಶ್ನೆಯನ್ನೇ ಒಮ್ಮೆ ತಿರುಗಿಸಿ ಕೇಳುತ್ತಾರೆ, ಸಂಬೋಧನೆಯನ್ನು ಎಳೆಯುತ್ತಾರೆ. ಅಷ್ಟರಲ್ಲಿ ಮುಂದಿನ ವಾಕ್ಯ ಒಳಗೆ ಸಿದ್ಧವಾಗುತ್ತದೆ. ಅದನ್ನು ನಾವು ಪ್ರತಿಭೆ ಅನ್ನುತ್ತೇವೆ. ಅದೇ ಕೆಲಸವನ್ನು ಇಂಟರ್‌ವ್ಯೂನಲ್ಲಿ ಇಂಗ್ಲಿಷಿನ ‘ಅಮ್’ ಮಾಡಿದರೆ ಮಾರ್ಕು ಕಳೆಯುವುದು ಯಾವ ನ್ಯಾಯ ಮಾರಾಯ್ರೆ?

‘ಯೂ ನೋ’, ‘ಐ ಮೀನ್’, ‘ಲೈಕ್’ ಇವುಗಳ ಮೇಲೂ ಇಂಥದೇ ದೂರು. ಅಮೆರಿಕದಲ್ಲಿ ಜೇಮ್ಸ್ ಪೆನ್‌ಬೇಕರ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವನ್ನು ಹೆಚ್ಚು ಬಳಸಿದವರು ಶಿಸ್ತಿನ, ಜವಾಬ್ದಾರಿಯ ಸ್ವಭಾವದವರು ಅಂತ ಕಂಡಿತು. 2018ರಲ್ಲಿ ಗೂಗಲ್ ಕಂಪನಿ ಫೋನಿನಲ್ಲಿ ತಾನೇ ಮಾತಾಡುವ ಡುಪ್ಲೆಕ್ಸ್ ಎಂಬ ವ್ಯವಸ್ಥೆಯನ್ನು ತೋರಿಸಿದಾಗ ಅದರ ಬಾಯಲ್ಲೂ ‘ಅಮ್’ ಇತ್ತು, ಮಾತು ಸಹಜವಾಗಿ ಕೇಳಲಿ ಅಂತಲೇ ಹಾಕಿದ್ದರು.

ರೇಡಿಯೋ ವಾರ್ತೆ ಓದುವವರಿಗೆ ‘ಅಮ್’ ಬೇಡ, ಒಪ್ಪುತ್ತೇನೆ. ಅವರ ಕೈಯಲ್ಲಿ ಬರೆದ ಹಾಳೆ ಇರುತ್ತದೆ, ಹುಡುಕಾಟದ ಕೆಲಸ ಮೊದಲೇ ಮುಗಿದಿರುತ್ತದೆ. ಪ್ರತಿ ವಾಕ್ಯಕ್ಕೆ ನಾಲ್ಕೈದು ಸಲ ಬಂದರೆ ಕೇಳುವವರಿಗೆ ಕಷ್ಟ, ಅದೂ ನಿಜ. ಆದರೆ ಕ್ಲಾಸಿನಲ್ಲಿ ವಿದ್ಯಾರ್ಥಿ ‘ಅಮ್’ ಅಂದ ಕೂಡಲೇ ಮೇಷ್ಟ್ರು ತಡೆದು ತಿದ್ದುವುದು ಪದ ಒಳಗೆ ಎದ್ದು ಬರುತ್ತಿರುವ ಅದೇ ಗಳಿಗೆಯಲ್ಲಿ. ಆಗ ಆ ಮಗು ಪದ ಹುಡುಕುವುದನ್ನು ಬಿಟ್ಟು ತನ್ನ ಬಾಯಿಯನ್ನೇ ಕಾಯತೊಡಗುತ್ತದೆ, ಮುಂದಿನ ವಾಕ್ಯ ಇನ್ನಷ್ಟು ತಡವಾಗುತ್ತದೆ. ಅಲ್ಲಿ ಎರಡು ಸೆಕೆಂಡ್ ಕಾದರೆ ಸಾಕು, ಪದ ತಾನಾಗಿಯೇ ಬರುತ್ತದೆ.