ಕಣಿ ವಿಧಾನಗಳ ಪಟ್ಟಿ: ಹೆಸರು ಬಿಡಿ, ಕೈ ನೋಡಿ

ಕಣಿ ಹೇಳುವ ವಿಧಾನಗಳದ್ದು ಒಂದು ನಂಬಬಹುದಾದ ಪಟ್ಟಿ ಮಾಡೋಣ ಅಂತ ಕೂತೆ. ಮೊದಲ ತಪ್ಪು, ಹೆಸರುಗಳನ್ನು ಗುಡ್ಡೆ ಹಾಕಿದ್ದು. ‘ಮ್ಯಾನ್ಸಿ’ ಅಂತ ಮುಗಿಯುವ ಪದ ಕಂಡರೆ ಸಾಕು, ಒಂದು ಸಾಲು ಸೇರಿಸುತ್ತಿದ್ದೆ. ಇದು ಕಣಿ ಅನ್ನುವ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಅದಕ್ಕೆ ಇನ್ನೊಂದು ಗ್ರೀಕ್ ಪದ ಅಂಟಿಸಿದರೆ ಹೊಸ ಹೆಸರು ರೆಡಿ. ಹೆಸರು ಹುಟ್ಟಲು ಯಾರೂ ಕಣಿ ಹೇಳಿರಬೇಕು ಅಂತೇನಿಲ್ಲ. 1546ರಲ್ಲಿ ಫ್ರೆಂಚ್ ಲೇಖಕ ರಾಬ್ಲೆ ತನ್ನ ಒಂದು ಪಾತ್ರದ ಬಾಯಲ್ಲಿ ಇಂಥ ಹೆಸರುಗಳನ್ನು ಸಾಲಾಗಿ ಉದುರಿಸಿದ್ದಾನೆ, ನಗಿಸಲಿಕ್ಕೆ.

ಹಾಗಾಗಿ ಈಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಕೈ ಏನು ಮಾಡುತ್ತದೆ? ಎಸೆಯುತ್ತದೋ, ಎಣಿಸುತ್ತದೋ, ಸುಡುತ್ತದೋ? ಶಾಂಗ್ ರಾಜವಂಶದ ಕಾಲದ ಚೀನಾದಲ್ಲಿ ದನದ ಹೆಗಲ ಮೂಳೆಗೋ ಆಮೆಯ ಹೊಟ್ಟೆಯ ಚಿಪ್ಪಿಗೋ ಹಿಂದುಗಡೆ ಗುಳಿ ತೋಡಿ, ಬಿಸಿ ಮುಟ್ಟಿಸಿ, ಮುಂದುಗಡೆ ಬಿದ್ದ ಬಿರುಕನ್ನು ಓದುತ್ತಿದ್ದರು. ಕೇಳಿದ ಪ್ರಶ್ನೆಯನ್ನೂ ಅದರ ಮೇಲೇ ಕೆತ್ತಿದ್ದಾರೆ. ಇಂಥದ್ದು ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರಿಸಬಹುದು.

ಚೀಸ್ ನೋಡಿ ಕಣಿ ಹೇಳುವುದನ್ನು ತಮಾಷೆ ಅಂತ ಹೊಡೆದುಹಾಕಿದ್ದೆ. ಆಮೇಲೆ ನೋಡಿದರೆ, 2ನೇ ಶತಮಾನದಲ್ಲಿ ಕನಸುಗಳ ಅರ್ಥ ಬರೆದ ಆರ್ಟೆಮಿಡೋರಸ್ ಚೀಸ್ ನೋಡಿ ಹೇಳುವವರನ್ನೂ ಜರಡಿ ಹಿಡಿದು ಹೇಳುವವರನ್ನೂ ನಂಬಬಾರದು ಅಂದಿದ್ದಾನೆ. ನಂಬಬೇಡಿ ಅನ್ನಬೇಕಾದರೆ ಅಂಥವರು ಇದ್ದರು ಅಂತ ತಾನೇ? ಆದರೆ ಅವರು ಚೀಸ್‌ನಲ್ಲಿ ನೋಡುತ್ತಿದ್ದದ್ದು ತೂತೋ ಬೂಷ್ಟೋ, ಅಲ್ಲಿ ಹೇಳಿಲ್ಲ. ಸಾಲು ವಾಪಸ್ ಬಂತು, ‘ಕೈ’ ಅಂಕಣ ಖಾಲಿ.

ಜಿಯೋಮ್ಯಾನ್ಸಿಯದ್ದು ಉಲ್ಟಾ ತೊಂದರೆ, ಒಂದೇ ಹೆಸರಿನಡಿ ಎರಡು ವಿಷಯ. ಒಂದು, ಅರಬರ ಮರಳಿನ ವಿದ್ಯೆ, ನಮ್ಮ ಕಡೆ ರಮಲ ಅನ್ನುವುದು. ಎಣಿಸದೆ ಚುಕ್ಕಿ ಇಡುತ್ತಾ ಹೋಗಬೇಕು. ಆಮೇಲೆ ಸಾಲಿನಲ್ಲಿ ಸಮ ಬಂತೋ ಬೆಸ ಬಂತೋ ನೋಡಬೇಕು. ನಾಲ್ಕು ಸಾಲಿಗೆ ಒಂದು ಆಕೃತಿ, ಒಟ್ಟು 16. ಇನ್ನೊಂದು, ಚೀನಾದ ಫೆಂಗ್ ಶುಯಿ. ಅದು ಮನೆ, ಸಮಾಧಿಗಳ ಜಾಗ ನೋಡುವುದು, ಚುಕ್ಕಿಯ ಸುದ್ದಿಯೇ ಇಲ್ಲ. ಇಂಗ್ಲಿಷ್ ಪುಸ್ತಕಗಳು ಎರಡಕ್ಕೂ ಅದೇ ಪದ ಬಳಸುತ್ತವೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಇಫಾ ಎಂಬ ಕಣಿಯಲ್ಲೂ 16 ಮೂಲ ಆಕೃತಿ ಇವೆ ಅಂತ ಅದನ್ನೂ ರಮಲದ ಸಾಲಿಗೇ ತುರುಕಿದ್ದೆ. ಆದರೆ ಅಲ್ಲಿ ಕೈ ಮಾಡುವುದೇ ಬೇರೆ. 16 ತಾಳೆ ಬೀಜಗಳನ್ನು ಒಂದು ಕೈಯಿಂದ ಇನ್ನೊಂದು ಕೈ ಬಾಚಿಕೊಳ್ಳುತ್ತದೆ. ಒಂದು ಬೀಜ ಉಳಿದರೆ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಹೌದು, ಉಲ್ಟಾನೇ. ಬೇರೆ ಸಾಲು.

ಈಗ ನನ್ನನ್ನು ನಿಜಕ್ಕೂ ಕೆಡವಿದ ಜಾಗ, ಐ ಚಿಂಗ್ ಎಂಬ ಚೀನಾದ ಹಳೆಯ ಕಣಿ ಪುಸ್ತಕ.

ಅದರಲ್ಲಿ ಆರಾರು ಗೆರೆಯ 64 ಆಕೃತಿ. ಪ್ರತಿ ಗೆರೆಗೂ 6, 7, 8, 9ರಲ್ಲಿ ಒಂದು ಸಂಖ್ಯೆ ಬರಬೇಕು. 6 ಅಥವಾ 9 ಬಂದರೆ ಅದು ಬದಲಾಗುವ ಗೆರೆ, ಅಂದರೆ ತುಂಡು ಗೆರೆ ಇಡಿಯಾಗಿ, ಇಡಿ ಗೆರೆ ತುಂಡಾಗಿ ತಿರುಗುವುದು. ಸಂಖ್ಯೆ ತರಲು ಮೂರು ನಾಣ್ಯ ಎಸೆಯಬಹುದು, ಇಲ್ಲವೇ 50 ಯಾರೋ ಕಡ್ಡಿ ಎಣಿಸಬಹುದು. (ಯಾರೋ ಅಂದರೆ ಒಂದು ಗಿಡ. ನನ್ನ ಟಿಪ್ಪಣಿ ನೋಡಿದ ಗೆಳತಿ ‘ಯಾರದ್ದು ಕಡ್ಡಿ?’ ಅಂತ ಕೇಳಿದಳು.) ಪುಸ್ತಕ ಒಂದೇ, ಹಾಗಾದರೆ ಸಾಲೂ ಒಂದೇ ಅಲ್ವಾ?

ನಾಣ್ಯದ ಲೆಕ್ಕ ಸುಲಭ. ಒಂದು ಮುಖಕ್ಕೆ 3, ಇನ್ನೊಂದಕ್ಕೆ 2, ಮೂರನ್ನೂ ಕೂಡಿಸಿದರೆ ಆಯಿತು. 6 ಬರುವ ಸಾಧ್ಯತೆ 2/16, 9 ಬರುವುದೂ ಅಷ್ಟೇ.

ಕಡ್ಡಿಗೆ ಬನ್ನಿ. 50ರಲ್ಲಿ ಒಂದನ್ನು ಪಕ್ಕಕ್ಕಿಡಿ, ಅದು ಲೆಕ್ಕಕ್ಕಿಲ್ಲ. 49ನ್ನು ಸುಮ್ನೆ ಎರಡು ಗುಂಪು ಮಾಡಿ. ಬಲಗಡೆಯದರಿಂದ ಒಂದು ಕಡ್ಡಿ ತೆಗೆದು ಬೆರಳ ಸಂದಿಗೆ ಸಿಕ್ಕಿಸಿ. ಎರಡೂ ಗುಂಪನ್ನು ನಾಲ್ಕು ನಾಲ್ಕಾಗಿ ಎಣಿಸಿ ಉಳಿಕೆ ತೆಗೆಯಿರಿ. ನಾನು ಎಡವಿದ್ದು ಇಲ್ಲೇ. ಗುಂಪು ಸರಿಯಾಗಿ ನಾಲ್ಕರಲ್ಲಿ ಮುಗಿದರೆ ಉಳಿಕೆ ಸೊನ್ನೆ ಅಲ್ಲ, 4. ಕೊನೆಯ ನಾಲ್ಕು ಕಡ್ಡಿಯನ್ನೇ ಉಳಿಕೆ ಅಂತ ಎತ್ತಿಡಬೇಕು. ನಾನು ಶಾಲೆಯ ಭಾಗಾಕಾರದಂತೆ ಸೊನ್ನೆ ಬರೆದುಕೊಂಡು ಹೋದೆ. ಬಂದದ್ದು 9, 9, 9, ಆಮೇಲೆ 10. ಹತ್ತು ಅನ್ನುವ ಗೆರೆಯೇ ಇಲ್ಲ!

ಸರಿ ಮಾಡಿದರೆ ಹೀಗೆ. ಬೆರಳಿನದು ಬಿಟ್ಟರೆ 48. ಎಡಗಡೆ 1 ಉಳಿದರೆ ಬಲಗಡೆ 3, 2 ಉಳಿದರೆ 2, 3 ಉಳಿದರೆ 1, 4 ಉಳಿದರೆ 4. ಬೆರಳಿನದನ್ನೂ ಸೇರಿಸಿದರೆ 5, 5, 5, 9. ಅಂದರೆ ನಾಲ್ಕರಲ್ಲಿ ಮೂರು ಸಲ 5. ಎತ್ತಿಟ್ಟದ್ದನ್ನು ಬಿಟ್ಟು ಉಳಿದದ್ದರಲ್ಲಿ ಎರಡನೇ ಸುತ್ತು. ಕೈಯಲ್ಲಿ 44 ಇಲ್ಲವೇ 40, ಬೆರಳಿಗೆ ಒಂದು ಹೋದರೆ 43 ಇಲ್ಲವೇ 39. ಈಗ ಎಡಗಡೆ 1 ಇದ್ದರೆ ಬಲಗಡೆ 2, 2 ಇದ್ದರೆ 1, 3 ಇದ್ದರೆ 4, 4 ಇದ್ದರೆ 3. ಬೆರಳಿನದು ಸೇರಿ 4, 4, 8, 8. ಅರ್ಧಕ್ಕರ್ಧ. ಮೂರನೇ ಸುತ್ತೂ ಹಾಗೇ. ಕೊನೆಗೆ ಉಳಿದ ಕಡ್ಡಿಗಳನ್ನು ನಾಲ್ಕರಿಂದ ಭಾಗಿಸಿದರೆ ಗೆರೆಯ ಸಂಖ್ಯೆ.

6 ಬರಬೇಕಾದರೆ 9, 8, 8 ಬೀಳಬೇಕು: 1/4 × 1/2 × 1/2 = 1/16. 9 ಬರಬೇಕಾದರೆ 5, 4, 4: 3/4 × 1/2 × 1/2 = 3/16. ನಾಣ್ಯದಲ್ಲಿ ಎರಡೂ ಸಮ, ಕಡ್ಡಿಯಲ್ಲಿ ಒಂದು ಇನ್ನೊಂದರ ಮೂರು ಪಟ್ಟು. ಕೈಯೂ ಬೇರೆ, ಬೀಳುವುದೂ ಬೇರೆ. ಒಂದೇ ಪುಸ್ತಕಕ್ಕೆ ಎರಡು ಸಾಲು ಕೊಟ್ಟೆ.

ಟ್ಯಾರೋ ಬೇಗ ಮುಗಿಯಿತು. ಇಸ್ಪೀಟಿನಂಥ 78 ಎಲೆ, ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಆಡಲಿಕ್ಕೆ. ಈಜಿಪ್ಟಿನ ಗುಟ್ಟು ಅನ್ನುವ ಕಥೆ ಹಬ್ಬಿದ್ದು 1781ರಲ್ಲಿ, ಕೂರ್ ದ ಜೆಬ್ಲಾನ್ ಎಂಬ ಫ್ರೆಂಚ್ ವಿದ್ವಾಂಸನ ಬರಹದಿಂದ. ಹಾಗಾಗಿ ‘ಯಾವಾಗ’ ಅಂಕಣವನ್ನು ಎರಡಾಗಿ ಸೀಳಿದೆ. ವಸ್ತು: 15ನೇ ಶತಮಾನ. ಕಣಿಯಾಗಿ ಜೋರಾದದ್ದು: 18ನೇ ಶತಮಾನ.